ಹತ್ತು ಹತ್ತರ ಲಿಂಗಸುಗೂರು ಬಸ್ಸು

ಸಿಂಧನೂರು
೧೨ ಜೂನ್ ೧೯೯೪

ಮಗಳು ಅಮರಮ್ಮಳಿಗೆ,

ನಿನ್ನ ಪತ್ರ ನಿನ್ನೆ ಮುಟ್ಟಿತು. ಓದಿ ಅರ್ಧ ತಾಸು ಹಾಗೇ ಕೂತುಬಿಟ್ಟೆ. ರಾತ್ರಿ ಹತ್ತಾದರೂ ಆ ಡೆನ್ಮಾರ್ಕಿನಲ್ಲಿ ಹೊತ್ತು ಮುಳುಗುವುದಿಲ್ಲವೆಂದರೆ ಜನ ಯಾವಾಗ ಉಣ್ಣುತ್ತಾರೆ, ಯಾವಾಗ ಮಲಗುತ್ತಾರೆ? ಅದಕ್ಕಿಂತ ದಂಗಾದದ್ದು, ಪಾಠ ಹೇಳುವ ಮೇಡಂ ಅವರನ್ನು ಬರೇ ಕಿರ್ಸ್ಟನ್ ಎಂದು ಹೆಸರು ಹಿಡಿದು ಕರೆಯಬೇಕು ಎಂಬುದು. ಅವರೇ ಹೇಳಲಿ, ನೀನು ಹಾಗೆ ಕರೆಯಬೇಡ. ಹಿಂದೆ ಒಂದು ಮೇಡಂ ಸೇರಿಸಿದರೆ ನಾಲಿಗೆ ಸವೆಯುವುದಿಲ್ಲ.

ನಿನ್ನ ಕೋರ್ಸಿನ ಹೆಸರನ್ನು ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದೆ. ಮೀಡಿಯಾ ಅಂಡ್ ಇಂಟರ್‌ಕಲ್ಚರಲ್ ಕಮ್ಯುನಿಕೇಷನ್. ಎರಡನೇ ಸಲಕ್ಕೆ ಬಾಯಿಗೆ ಹೊಂದಿತು. ಜಂಗ್ಲಿಸಾಬ್ ಡ್ರೈವರ್ ಕೇಳಿದ, "ಅಂದ್ರ ಏನ್ರಿ ಕಂಟ್ರೋಲರ್ ಸಾಹೇಬ್ರ?" ಒಂದು ದೇಶದವರ ಮಾತು ಇನ್ನೊಂದು ದೇಶದವರಿಗೆ ಮುಟ್ಟಿಸುವ ವಿದ್ಯೆ ಎಂದೆ. "ಮೈಕ್ ಹಿಡಿಯೋದು ಕಲಿಯಾಕ ಅಷ್ಟು ದೂರ ಹೋಗ್ಯಾಳ? ನಿಮ್ಮ ಹತ್ರ ಕೂತಿದ್ರ ಎಂಟು ದಿನದಾಗ ಬರ್ತಿತ್ತಲ್ರಿ!" ಎಂದು ಎಲ್ಲರನ್ನೂ ನಗಿಸಿದ.

ನಗಲಿ. ರಾಯಚೂರಿನ ಕಾಲೇಜಿನಲ್ಲಿ ಬಿ.ಎ. ಇಂಗ್ಲಿಷಿಗೆ ಮೂರು ಸಲ ಫೇಲಾದವನು ನಾನು. ಈಗ ನೆನಪಿರುವುದು ರಜೆ ಅರ್ಜಿಯ ಒಂದೇ ಸಾಲು, ‘ಐ ಬೆಗ್ ಟು ಸ್ಟೇಟ್’. ನೀನು ಎಸ್ಸೆಸ್ಸೆಲ್ಸಿಯಲ್ಲಿ ಅದೇ ಇಂಗ್ಲಿಷಿಗೆ ಎಂಬತ್ತೆಂಟು ತೆಗೆದೆ. ಪರೀಕ್ಷೆಯ ದಿನವೇ ನಿನ್ನ ಅವ್ವ ಏಕಾಏಕಿ ಹೋದರೂ ತೆಗೆದೆ. ಆ ಎಂಬತ್ತೆಂಟು ಇವತ್ತು ನಿನ್ನನ್ನು ವಿಮಾನ ಹತ್ತಿಸಿತು. ನಿನ್ನ ಅವ್ವ ತಿಮ್ಮವ್ವ ಇದ್ದಿದ್ದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು.

ನೀನು ಕೇಳಿದ ಕ್ಯಾಸೆಟ್ ಇದರ ಸಂಗಡ ಇದೆ. ಮೂರು ನಿಮಿಷದ ಊರ ಸದ್ದು ತಂದು ಕ್ಲಾಸಿನಲ್ಲಿ ಎಲ್ಲರಿಗೂ ವಿವರಿಸುವುದೂ ಒಂದು ಪಾಠವೆಂದರೆ ನಂಬುವುದು ಹೇಗೆ? ಟೇಪ್ ರೆಕಾರ್ಡರ್ ಪಕ್ಕದ ಮನೆಯ ಚಾಂದ್‌ಬೀಯದು. ಅವಳ ಗಂಡ ಮಸ್ತಾನಸಾಬ ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಿದ್ದ ಎಂಟು ವರ್ಷವೂ ಇಬ್ಬರೂ ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸಿಕೊಳ್ಳುತ್ತಿದ್ದರಲ್ಲ, ಓದುಬರಹ ಬಾರದೆ. ಹೊಸ ಕ್ಯಾಸೆಟ್ ತರಲು ಹೊರಟರೆ ಅವಳು ಬಿಡಲಿಲ್ಲ. "ಟ್ರಂಕಿನ ತುಂಬ ಬಿದ್ದಾವ ಅಣ್ಣಾ. ನಮ್ಮ ಹಳೇ ಮಾತು ಯಾರಿಗೆ ಬೇಕು? ಅದರ ಮ್ಯಾಲೇ ತುಂಬ್ಸು," ಎಂದು ಒಂದನ್ನು ಕೊಟ್ಟಳು. ಇವತ್ತು ಮುಂಜಾನೆ ಬಸ್ಸು ಕೂಗುವ ಮೈಕಿನ ಮುಂದೆ ಇಟ್ಟು ಗುಂಡಿ ಒತ್ತಿದೆ. ರಾಯಚೂರು, ಗಂಗಾವತಿ, ಜವಳಗೇರಾ, ಮಸ್ಕಿ ಲೋಕಲ್, ಎಲ್ಲ ಹೇಳಿದ್ದೇನೆ. ನಡುವೆ ಜಂಗ್ಲಿಸಾಬನ ಹಾರ್ನೂ ಇದೆ. ಮೂರು ನಿಮಿಷಕ್ಕೆ ಸರಿಯಾಗಿ ನಿಲ್ಲಿಸಿದೆ.

ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ಅಪ್ಪ,
ಕನಕರಾಯ, ಕಂಟ್ರೋಲರ್


ಸಿಂಧನೂರು
೩ ಜುಲೈ ೧೯೯೪

ಅಮರಮ್ಮಾ,

ಮೂರು ವಾರವಾಯಿತು, ಪತ್ರವಿಲ್ಲ. ಕ್ಯಾಸೆಟ್ ಮುಟ್ಟಿತೋ ಇಲ್ಲವೋ? ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ. ನಾಲೆಗೆ ನೀರು ಬಿಡುವ ಸುದ್ದಿ ಇದೆ. ಬಿಟ್ಟರೆ ವಳಕಮದಿನ್ನಿ ಕಡೆ ನಾಟಿಗೆ ಹೋಗುವ ಹೆಂಗಸರಿಂದ ಟ್ರ್ಯಾಕ್ಟರುಗಳೆಲ್ಲ ತುಂಬಿ, ನನ್ನ ಬಸ್ಸು ಖಾಲಿ. ಬೇರೆ ವಿಶೇಷವಿಲ್ಲ. ನನ್ನ ದನಿ ಕೇಳಿ ಆ ದೇಶದವರು ಏನೆಂದರು? ಒಂದು ಸಾಲು ಬರಿ.

ಅಪ್ಪ


ಓರ್ಹುಸ್, ಡೆನ್ಮಾರ್ಕ್
೩೦ ಜೂನ್ ೧೯೯೪

ಅಪ್ಪಾ,

ಕ್ಯಾಸೆಟ್ ಮುಟ್ಟಿತು. ಮೊನ್ನೆ ಕ್ಲಾಸಿನಲ್ಲಿ ಹಾಕಿದೆ. ಹದಿನಾಲ್ಕು ಜನ, ಒಂಬತ್ತು ದೇಶದವರು. ನಿಮ್ಮ ದನಿ ಬಂತು, ಜಂಗ್ಲಿಸಾಬ್ ಮಾಮಾನ ಹಾರ್ನು ಬಂತು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮ್ಮ ಮಾತು ಮುಗಿದಾಗ ನಾನು ಗೋಡೆಯ ನಕ್ಷೆಯಲ್ಲಿ ಸಿಂಧನೂರು ಎಲ್ಲಿದೆಯೆಂದು ತೋರಿಸುತ್ತಾ ನಿಂತಿದ್ದೆ. ಟೇಪು ಓಡುತ್ತಲೇ ಇತ್ತು.

ಹೆಂಗಸರು ಅಳುವ ಸದ್ದು ಬಂತು. ಅದರೊಳಗಿಂದ ಒಂದು ದನಿ ರಾಗ ಎಳೆಯಿತು. ಮಸ್ಕಿಯ ಮಾರೆಮ್ಮ ದೊಡ್ಡವ್ವನ ದನಿ. ಪೋಲೆಂಡಿನ ಹುಡುಗಿ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದಳು. ಎಷ್ಟು ಚೆಂದದ ಹಾಡು ಎಂದರು ಕಿರ್ಸ್ಟನ್. ಘಾನಾ ದೇಶದ ಕ್ವಾಕು ಒಬ್ಬ ಮಾತ್ರ ಎದ್ದು ನಿಂತು ಟೊಪ್ಪಿಗೆ ತೆಗೆದ. "ಇದು ಹಾಡಲ್ಲ. ಸತ್ತವರು ಯಾರು?" ಎಂದು ನನ್ನನ್ನು ಕೇಳಿದ. ಅವನ ಊರಿನಲ್ಲೂ ಹೆಂಗಸರು ಹೀಗೇ ಅಳುತ್ತಾರಂತೆ.

ಕಿರ್ಸ್ಟನ್ ಟೇಪು ನಿಲ್ಲಿಸಿ, ಬೇಡವಾದರೆ ಬಿಡು ಎಂದರು. ಇಲ್ಲ, ಹೇಳುತ್ತೇನೆ ಎಂದವಳು ನಾನೇ. ನಮ್ಮಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ, ಸತ್ತವರ ಗುಣ, ಅವರಿಗಾದ ಅನ್ಯಾಯ, ಈಡೇರದ ಆಸೆ ಎಲ್ಲ ಅದರಲ್ಲಿ ಬರುತ್ತದೆ ಎಂದು ದೊಡ್ಡ ಪಂಡಿತಳ ಹಾಗೆ ವಿವರಿಸಿದೆ. ಆಮೇಲೆ ಒಂದೊಂದೇ ಸಾಲು ಕೇಳುವುದು, ನಿಲ್ಲಿಸುವುದು, ಇಂಗ್ಲಿಷಿನಲ್ಲಿ ಹೇಳುವುದು.

"ಮೂರು ದಿನ ಕೇಳಿದೆಲ್ಲ ನನ್ನ ತಂಗೀ, ಮಗಳ ಮಾರಿ ತೋರಸ್ರಿ ಅಂದೆಲ್ಲ ನನ್ನ ತಂಗೀ."

ಹೇಳಿದೆ.

"ಪರೀಕ್ಷಾ ಮುಗೀಲಿ ಅಂದ್ರಲ್ಲ, ನಿನ್ನ ಉಸುರು ಮುಗದು ಹೋತಲ್ಲ ನನ್ನ ತಂಗೀ."

ಅದನ್ನೂ ಹೇಳಿದೆ. ಹೇಳುವಾಗ ಅದು ಯಾರದೋ ಮನೆಯ ಮಾತು ಅನ್ನಿಸುತ್ತಿತ್ತು.

"ಊರಿಗೆಲ್ಲ ಮೋಟಾರ ಕರದ ನಿನ್ನ ಗಂಡ, ನಿನ್ನ ಮಗಳನ್ನ ಕರೀಲಿಲ್ಲಲ್ಲ ನನ್ನ ತಂಗೀ."

ಇದನ್ನು ಹೇಳಲು ಬಾಯಿ ತೆರೆದೆ. ಇಂಗ್ಲಿಷ್ ಬರಲಿಲ್ಲ. ಕನ್ನಡವೂ ಬರಲಿಲ್ಲ. ಅಷ್ಟೂ ಜನ ನನ್ನ ಮಾರಿ ನೋಡುತ್ತಾ ಕೂತಿದ್ದರು.

ಉಳಿದದ್ದನ್ನು ಕೋಣೆಗೆ ಬಂದು ಒಬ್ಬಳೇ ಕೇಳಿದೆ. ನಡುವೆ ಚಾಂದ್‌ಬೀ ಚಾಚಿಯ ಪಿಸುದನಿ ಇದೆ: "ಏ ಮಾರೆವ್ವಾ, ಪೋರಿ ಬಂದ್ಳು, ಮಾತು ತಿರುವು." ಹಿಂದೆಯೇ ದೊಡ್ಡವ್ವನ ಸಾಲು ಬದಲಾಗುತ್ತದೆ. "ಬಂದಾಳ ನೋಡ ನಿನ್ನ ಮಗಳು, ಕಣ್ಣ ತೆರೆಯ ನನ್ನ ತಂಗೀ." ಆಮೇಲೆ ಒಂದು ಹುಡುಗಿ ಅವ್ವಾ ಎಂದು ಚೀರುತ್ತಾಳೆ. ಅದು ನಾನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಏಕಾಏಕಿ ಹೋದಳು ಎಂದಿರಿ. ಆರು ವರ್ಷವೂ ಹಾಗೇ ಎಂದಿರಿ. ಅವತ್ತು ಲಿಂಗಸುಗೂರಿನಲ್ಲಿ ಪರೀಕ್ಷೆ ಬರೆದು ಹೊರಬಂದಾಗ ಗೇಟಿನಲ್ಲಿ ಜಂಗ್ಲಿಸಾಬ್ ಮಾಮಾ ನಿಂತಿದ್ದ. ಕಬ್ಬಿನ ಹಾಲು ಕುಡಿಸಿದ. "ಪೇಪರ್ ಹೆಂಗಾತವ್ವ?" ಎಂದು ಕೇಳಿದ. ನಾನು ಬಸ್ಸಿನಲ್ಲಿ ಮಸ್ಕಿಯವರೆಗೂ ಆ ಪೇಪರಿನ ಬಗ್ಗೆಯೇ ಹೇಳಿಕೊಂಡು ಬಂದೆ ಅಪ್ಪಾ.

ಅವ್ವ ನನ್ನನ್ನು ಕೇಳಿದಳೋ ಇಲ್ಲವೋ? ಅದೊಂದು ಬರೆಯಿರಿ. ಬೇರೇನೂ ಬೇಡ.

ಅಮರಮ್ಮ


ಸಿಂಧನೂರು
೧೧ ಜುಲೈ ೧೯೯೪

ಮಗಳು ಅಮರಮ್ಮಳಿಗೆ,

ಜೂನ್ ೩೦ರ ನಿನ್ನ ಪತ್ರ ಇವತ್ತು ಬಂತು, ಕಂಟ್ರೋಲ್ ರೂಮಿನಲ್ಲೇ ಒಡೆದೆ. ಓದಿದ ಮೇಲೆ ಗಂಗಾವತಿ ಬಸ್ಸನ್ನು ರಾಯಚೂರು ಎಂದು ಕೂಗಿದೆ, ಜನ ಹತ್ತಿ ಇಳಿದು ನನ್ನನ್ನು ಬೈದರು.

ಸೀದಾ ಚಾಂದ್‌ಬೀಯ ಮನೆಗೆ ಹೋದೆ. "ಯಾವ ಕ್ಯಾಸೆಟ್ ಕೊಟ್ಟಿ ನನಗ?" ಎಂದೆ. ಅದರಲ್ಲಿ ಏನಿತ್ತೆಂದು ಹೇಳಿದಾಗ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಯಾ ಅಲ್ಲಾ, ಅದನ್ನ ಕೊಟ್ನೇನು ನಾ?" ತಿಮ್ಮವ್ವ ಮಸ್ತಾನಸಾಬನಿಗೆ ಒಡಹುಟ್ಟಿದ ಅಕ್ಕನಂತೆ ಇದ್ದಳು, ನಿನಗೆ ಗೊತ್ತು. ದೂರ ದೇಶದಲ್ಲಿ ಇದ್ದವನು ಅಳುವುದಾದರೂ ಹೇಗೆ ಎಂದು ಆ ದಿನ ಚಾಂದ್‌ಬೀ ಸೆರಗಿನ ಕೆಳಗೆ ರೆಕಾರ್ಡರ್ ಇಟ್ಟುಕೊಂಡು ತುಂಬಿಸಿ ಕಳಿಸಿದ್ದಳಂತೆ. ಅವನು ದಮ್ಮಾಮಿನ ಕ್ಯಾಂಪಿನಲ್ಲಿ ಅದನ್ನು ಹಾಕಿಕೊಂಡು ಅತ್ತು, ಬರುವಾಗ ಮರಳಿ ತಂದನಂತೆ. ನನಗೆ ಇದೊಂದೂ ಗೊತ್ತಿರಲಿಲ್ಲ.

ಹೆಣದ ಮುಂದೆ ಹಾಡಿದ್ದನ್ನು ಮಣ್ಣು ಕೊಟ್ಟ ಮೇಲೆ ಯಾರೂ ಬಾಯಿಗೆ ತರಬಾರದು. ನಮ್ಮ ಕಡೆ ಅದು ಕಟ್ಟುನಿಟ್ಟು. ಅದಕ್ಕೇ ಹೆಂಗಸರು ಏನನ್ನಾದರೂ ಹಾಡಬಹುದು. ದುಃಖದಲ್ಲಿ ಒಂದಕ್ಕೆ ಎರಡು ಸೇರಿಸುತ್ತಾರೆ. ಗಂಡಸರು ನಾವು ಹೊರಗೆ ಬೇವಿನ ನೆರಳಿಗೆ ಕೂತಿದ್ದೆವು, ನನಗೆ ಒಂದು ಸಾಲೂ ಕೇಳಿಸಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಕೇಳಿದಳು, ಆದರೆ ಅವಳೇ ಬೇಡವೆಂದಳು. "ಪೋರಿದು ಪರೀಕ್ಷಾ ಐತಿ, ಬ್ಯಾಡ್ರಿ, ಮುಗಿಸಿಕೊಂಡು ಬರ್ಲಿ," ಎಂದು ತನ್ನ ಬಾಯಿಂದಲೇ ಹೇಳಿದಳು. ನಿನಗೆ ನಂಬಿಕೆ ಬಾರದಿದ್ದರೆ ಮಾರೆಮ್ಮನಿಂದಲೂ ಬರೆಸಿ ಕಳಿಸುತ್ತೇನೆ. ನಾನೇ ಬರೆಯುತ್ತೇನೆ, ಅವಳು ಹೆಬ್ಬೆಟ್ಟು ಒತ್ತುತ್ತಾಳೆ.

ಓದಿನ ಕಡೆ ಲಕ್ಷ್ಯ ಇರಲಿ.

ನಿನ್ನ ಅಪ್ಪ,
ಕನಕರಾಯ


ಸಿಂಧನೂರು
೧೯ ಜುಲೈ ೧೯೯೪

ಅಮರಮ್ಮಾ,

ಹಿಂದಿನ ಪತ್ರ ಮುಟ್ಟಿದ್ದರೆ ಹರಿದುಹಾಕು. ಅವಳೇ ಬೇಡವೆಂದಳು ಎಂದು ಬರೆದದ್ದು ಸುಳ್ಳು.

ಭಾನುವಾರ ಮಸ್ಕಿಗೆ ಹೋಗಿದ್ದೆ. ಮಾರೆಮ್ಮ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. ನಾನು ಬರೆದುಕೊಂಡು ಹೋಗಿದ್ದ ಕಾಗದ ತೆಗೆದು ಓದಿ ಹೇಳಿದೆ. ಕೇರುವ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಇದಕ್ಕ ನನ್ನ ಹೆಬ್ಬೆಟ್ಟು ಬೇಕೇನು?" ಎಂದಳು.

"ಪೋರಿ ಪರದೇಶದಾಗ ಒಬ್ಬಾಕಿನ ಅದಾಳ ಯಕ್ಕಾ. ಆಕಿಗೆ ಸಮಾಧಾನ ಆಗ್ಬೇಕಲ್ಲ."

"ಆಕಿಗೋ, ನಿನಗೋ?" ಮೊರವನ್ನು ಕೆಳಗಿಟ್ಟಳು. "ಕನಕರಾಯಾ, ಅವತ್ತು ನಿನ್ನ ಮಾತು ಕೇಳಿ ನನ್ನ ತಂಗಿ ಹೆಣದ ಮುಂದ ಹಾಡು ತಿರುವಿದೆ. ಹಾಡು ತಿರುವಿದಾಕಿಗೆ ನಿದ್ದಿ ಬರಂಗಿಲ್ಲೋ. ಆರು ವರ್ಷ ಆತು. ಈಗ ಹೆಬ್ಬೆಟ್ಟೂ ತಿರುವ್ಲೇನು?"

ನೀರು ಕೊಟ್ಟಳು, ರೊಟ್ಟಿ ಕೊಟ್ಟಳು. ಹೊರಡುವಾಗ ಬೆನ್ನ ಹಿಂದೆ, "ಆಕಿ ಕೇಳಿದ್ದು ನಾಕ ಸಲ. ನಾ ಹಾಡಿದ್ದು ಕಡಿಮಿನ," ಎಂದಳು.

ಐ ಬೆಗ್ ಟು ಸ್ಟೇಟ್. ಇದರ ಮುಂದೆ ಏನು ಬರೆಯಬೇಕೆಂದು ಕಾಲೇಜಿನಲ್ಲಿ ಉರು ಹೊಡೆದಿದ್ದೆ, ಈಗ ನೆನಪಾಗುವುದಿಲ್ಲ. ಇದ್ದದ್ದನ್ನು ಬರೆಯುತ್ತೇನೆ.

ರಾಯಚೂರಿನ ಡಾಕ್ಟರು ಕಾಮಾಲೆ ಕೈಮೀರಿದೆ, ಮನೆಗೆ ಕರಕೊಂಡು ಹೋಗಿ ಎಂದಿದ್ದರು. ದಿನ ಎಣಿಸುವುದಷ್ಟೇ ಉಳಿದಿದೆ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸೋಮವಾರ ನಿನ್ನನ್ನು ಕೇಳಿದಳು. ಗುರುವಾರದ ಇಂಗ್ಲಿಷ್ ಪೇಪರೇ ಕೊನೆಯದು, ಅದೊಂದು ಮುಗಿಯಲಿ ಎಂದೆ. ಮಂಗಳವಾರ ಕೇಳಿದಳು. ಜಂಗ್ಲಿಸಾಬ್ ಬಾಗಿಲಿಗೆ ಬಂದು, "ಹತ್ತು ಹತ್ತಕ್ಕ ಲಿಂಗಸೂರಿಗೆ ನಾನ ಹೊಂಟೀನ್ರಿ. ಹಾಸ್ಟೆಲಿನಿಂದ ಪೋರಿನ ಕರಕೊಂಡು ಬರ್ತೀನಿ, ಒಂದ ಮಾತು ಹೇಳ್ರಿ," ಎಂದು ಕಾಲು ಹಿಡಿಯುವುದೊಂದು ಬಾಕಿ. ಬೇಡ ಎಂದೆ. ಹೋಗಿ ಮೈಕಿನ ಮುಂದೆ ಕೂತು ಅದೇ ಬಸ್ಸನ್ನು ಕೂಗಿದೆ. ನಮ್ಮ ಮನೆಯ ಕಿಟಕಿಗೂ ಬಸ್ ಸ್ಟ್ಯಾಂಡಿನ ಸ್ಪೀಕರಿಗೂ ನೂರು ಹೆಜ್ಜೆಯೂ ಇಲ್ಲ. ನಿನ್ನ ಅವ್ವ ಹಾಸಿಗೆಯ ಮೇಲೆ ಅದನ್ನು ಕೇಳುತ್ತಾ ಮಲಗಿದ್ದಳು. ದಿನಕ್ಕೆ ಆರು ಬಸ್ಸು. ಬುಧವಾರ ಮುಂಜಾನೆ ಮತ್ತೆ ಕೇಳಿದಳು. ರಾತ್ರಿ ನಾನು ಮನೆಗೆ ಬಂದಾಗ, "ಲಿಂಗಸೂರಿಗೆ ಎಷ್ಟು ಬಸ್ಸು ಬಿಡ್ತೀರಿ," ಎಂದಳು. ಅದೇ ನಾಲ್ಕನೇ ಸಲ. ಮಾರೆಮ್ಮ ಅದನ್ನೂ ಲೆಕ್ಕ ಹಿಡಿದಿದ್ದಾಳೆ.

ಗುರುವಾರ ನಸುಕಿನಲ್ಲಿ ಹೋದಳು. ಆಗಲೂ ನಿನಗೆ ಹೇಳಿಕಳಿಸಲಿಲ್ಲ. ಜಂಗ್ಲಿಸಾಬನನ್ನು ಕಳಿಸಿದೆ, ಪರೀಕ್ಷೆಯ ಗಂಟೆ ಬಾರಿಸುವವರೆಗೆ ಗೇಟಿನ ಒಳಗೆ ಹೆಜ್ಜೆ ಇಡಬಾರದು ಎಂದು ಆಣೆ ಹಾಕಿಸಿ. ಅವನು ಎದುರಿನ ಕಟ್ಟೆಯ ಮೇಲೆ ಎರಡೂವರೆ ತಾಸು ಕೂತು ಅತ್ತನಂತೆ. ಬಸ್ಸು ನಿನ್ನನ್ನು ಇಳಿಸಿದಾಗ ಚಾಂದ್‌ಬೀಯನ್ನು ಒಳಗೆ ಓಡಿಸಿದವನು ನಾನೇ. ಬೇವಿನ ಕೆಳಗೆ ನನಗೆ ಪ್ರತಿಯೊಂದು ಸಾಲೂ ಕೇಳಿಸಿತ್ತು. ಅಲ್ಲಿ ಕೂತ ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ ನೆಲ ನೋಡುತ್ತಿದ್ದರು.

ಯಾಕೆ ಎಂದು ನೀನು ಕೇಳಿಲ್ಲ. ಆದರೂ ಹೇಳಬೇಕು. ನಾನು ಮೂರನೇ ಸಲ ಇಂಗ್ಲಿಷಿಗೆ ಕಟ್ಟಿದಾಗ, ಪರೀಕ್ಷೆಯ ಹಿಂದಿನ ದಿನ ನಮ್ಮೂರು ಸಾಲಗುಂದದಿಂದ ಆಳು ಬಂದ. ನನ್ನ ಅವ್ವನಿಗೆ ಹೆಚ್ಚಾಗಿತ್ತು. ಹೋದೆ. ಅವಳು ನನ್ನ ಕೈಯಿಂದ ಎರಡು ಗುಟುಕು ನೀರು ಕುಡಿದು ಹೋದಳು. ಪರೀಕ್ಷೆ ತಪ್ಪಿತು, ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ನಿನಗೆ ಹಾಗಾಗಬಾರದು ಎಂದುಕೊಂಡೆ.

ಆದರೆ ಆ ಎರಡು ಗುಟುಕು ನೀರಿಗಾಗಿ ನಾನು ಒಂದು ದಿನವೂ ಹಳಹಳಿಸಿದ್ದಿಲ್ಲ. ಇದು ನನಗೆ ಹೊಳೆದದ್ದು ಮೊನ್ನೆ, ಮಸ್ಕಿಯಿಂದ ಮರಳುವಾಗ. ನನಗೆ ದಕ್ಕಿದ್ದನ್ನು ನಿನಗೆ ತಪ್ಪಿಸಿದೆ, ತಪ್ಪಿಸಿ ಅದನ್ನು ಉಪಕಾರ ಎಂದುಕೊಂಡೆ.

ಉತ್ತರ ಬರೆಯಬೇಕೆಂದೇನೂ ಇಲ್ಲ.

ಕನಕರಾಯ


ಓರ್ಹುಸ್
೩೧ ಜುಲೈ ೧೯೯೪

ಅಪ್ಪಾ,

ಎರಡೂ ಪತ್ರ ಮುಟ್ಟಿದವು. ಮೊದಲನೆಯದನ್ನು ಹರಿಯಲಿಲ್ಲ. ಇಟ್ಟುಕೊಂಡಿದ್ದೇನೆ.

ಕೋರ್ಸು ಶುಕ್ರವಾರ ಮುಗಿಯುತ್ತದೆ. ನಿಲ್ಲಿಸಿದ ಸಾಲಿನ ಮುಂದೆ ಏನಿತ್ತೆಂದು ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ಕ್ವಾಕು ಒಂದು ಮಾತು ಹೇಳಿದ. ಅವನ ಊರಿನಲ್ಲಿ ಹಾಡು ಅರ್ಧಕ್ಕೆ ನಿಂತರೆ ಸತ್ತವರಿಗೆ ಮನೆ ಬಿಟ್ಟು ಹೋಗಲು ಬರುವುದಿಲ್ಲವಂತೆ.

ನಿಮ್ಮ ಮೂರು ನಿಮಿಷವನ್ನು ಮತ್ತೆ ಕೇಳಿದೆ. ರಾಯಚೂರು ಇದೆ, ಗಂಗಾವತಿ ಇದೆ, ಜವಳಗೇರಾ, ಮಸ್ಕಿ ಎಲ್ಲ ಇವೆ. ಲಿಂಗಸುಗೂರು ಇಲ್ಲ. ಅದರ ಜಾಗದಲ್ಲಿ ಹಾರ್ನು ಇದೆ. ಎಷ್ಟು ವರ್ಷದಿಂದ ಹೀಗೆ?

ಹತ್ತನೇ ತಾರೀಖಿಗೆ ಧಾರವಾಡದ ಯೂನಿವರ್ಸಿಟಿ ಹಾಸ್ಟೆಲು ಸೇರುತ್ತೇನೆ. ಆಗಸ್ಟ್ ೨೧ ಭಾನುವಾರ ಅಲ್ಲಿಂದ ಹೊರಟು ಲಿಂಗಸುಗೂರಿನವರೆಗೆ ಬರುತ್ತೇನೆ. ಅಲ್ಲಿಂದ ಮುಂದೆ ಒಬ್ಬಳೇ ಬರುವುದಿಲ್ಲ. ಆವಾಗ ನನ್ನನ್ನು ಕರೆಯಲು ಬರಬೇಕಾಗಿದ್ದವರು ಜಂಗ್ಲಿಸಾಬ್ ಮಾಮಾ ಅಲ್ಲ, ನೀವು. ಈಗ ಬನ್ನಿ.

ದೊಡ್ಡವ್ವ ಅವತ್ತು ತಿರುವಿದ ಹಾಡನ್ನು ಪೂರ್ತಿ ಹಾಡಲಿ. ನನ್ನ ಮುಂದೆ. ನಿಮ್ಮ ಮುಂದೆ ಕೂಡ.

ಅಮರಮ್ಮ


ಸಿಂಧನೂರು
೧೨ ಆಗಸ್ಟ್ ೧೯೯೪

ಮಗಳು ಅಮರಮ್ಮಳಿಗೆ,

ನಿನ್ನ ಪತ್ರ ನಿನ್ನೆ ಬಂತು. ಇದನ್ನು ಧಾರವಾಡದ ವಿಳಾಸಕ್ಕೆ ಹಾಕುತ್ತಿದ್ದೇನೆ.

ಆರು ವರ್ಷದಿಂದ. ಅವಳ ದಿನ ಮುಗಿಸಿ ಡ್ಯೂಟಿಗೆ ಬಂದವನಿಗೆ ಆ ಊರಿನ ಹೆಸರು ಮೈಕಿನಲ್ಲಿ ಹೊರಡಲಿಲ್ಲ. ಮರುದಿನವೂ ಹೊರಡಲಿಲ್ಲ. ಜಂಗ್ಲಿಸಾಬ್ ಏನೂ ಕೇಳದೆ ಮೂರು ಸಲ ಹಾರ್ನು ಹೊಡೆದು ಬಸ್ಸು ತೆಗೆದ. ಅಂದಿನಿಂದ ಲಿಂಗಸುಗೂರಿನ ಯಾವ ಬಸ್ಸಿಗಾದರೂ ಡ್ರೈವರುಗಳು ಹಾಗೇ ಮಾಡುತ್ತಾರೆ. ಊರ ಜನರಿಗೂ ರೂಢಿಯಾಗಿದೆ, ಮೂರು ಹಾರ್ನೆಂದರೆ ಲಿಂಗಸುಗೂರು. ನಾನು ಅದನ್ನು ಯಾರಿಗೂ ಹೇಳಿದ್ದಿಲ್ಲ. ನೀನು ಏಳು ಸಮುದ್ರದಾಚೆ ಕೂತು ಮೂರು ನಿಮಿಷದಲ್ಲಿ ಹಿಡಿದೆ. ಆ ಕೋರ್ಸಿನಲ್ಲಿ ಏನು ಕಲಿಸಿದರೋ ನನಗೆ ತಿಳಿಯದು, ಆದರೆ ಕಿವಿ ಚೆನ್ನಾಗಿ ಕಲಿಸಿದ್ದಾರೆ.

ಇವತ್ತು ಮುಂಜಾನೆ ಮಾರೆಮ್ಮನಿಗೆ ಹೇಳಿ ಬಂದೆ. ಮೊದಲು ಕೆನ್ನೆ ಬಡಿದುಕೊಂಡಳು. "ಹೆಣ ಇಲ್ಲದ ಹಾಡ್ತಾರೇನು? ಮನಿಯಾಗ ಹಾಡಿದ್ರ ಮನಿಗೆ ಕೇಡು," ಎಂದಳು. ಎದ್ದು ಒಳಗೆ ಹೋದಳು. ಬಂದಾಗ ಕಣ್ಣು ಒರೆಸಿಕೊಂಡಿದ್ದಳು. "ಸಾಲಗುಂದದ ಹೊಲದಾಗ ಹಾಡ್ತೀನಿ, ಆಕಿಗೆ ಮಣ್ಣು ಕೊಟ್ಟ ಜಾಗದ ಬಾಜೂಕ. ಆದ್ರ ಒಂದು ಮಾತು. ನೀ ದೂರ ಬೇವಿನ ಬುಡಕ ಕುಂಡ್ರಂಗಿಲ್ಲ. ನಮ್ಮ ನಡುವ ಕುಂಡ್ರಬೇಕು. ನಿನ್ನ ಹೆಸರು ಹಿಡದು ಹಾಡ್ತೀನಿ, ಮಾರಿ ಎತ್ತಿ ಕೇಳಬೇಕು."

ಆಗಲಿ ಎಂದೆ.

ಆ ಭಾನುವಾರ ನನಗೆ ಡ್ಯೂಟಿ ಇಲ್ಲ. ಆದರೂ ಹತ್ತಕ್ಕೆ ಕಂಟ್ರೋಲ್ ರೂಮಿಗೆ ಹೋಗುತ್ತೇನೆ. ಹಾರ್ನು ಹೊಡೆಯಬೇಡ ಎಂದು ಜಂಗ್ಲಿಸಾಬನಿಗೆ ಹೇಳಿದ್ದೇನೆ. ಅವನು ನನ್ನ ಮಾರಿ ನೋಡಿದ, ಬಸ್ಸಿನ ಹಿಂದೆ ಹೋಗಿ ಬೀಡಿ ಹಚ್ಚಿದ. ಆರು ವರ್ಷದಿಂದ ಚಿಲಕ ಹಾಕಿಯೇ ಇರುವ ನಮ್ಮ ಮನೆಯ ಆ ಕಿಟಕಿಯನ್ನು ಅವತ್ತು ತೆಗೆದಿಡಲು ಚಾಂದ್‌ಬೀಗೆ ಹೇಳಿದ್ದೇನೆ. ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಹತ್ತು ಹತ್ತರ ಬಸ್ಸು ಸಿದ್ಧವಾಗಿದೆ ಎಂದು ಮೈಕಿನಲ್ಲಿ ಹೇಳುತ್ತೇನೆ. ಬಾಯಿಗೆ ಬರುವವರೆಗೆ ಹೇಳುತ್ತೇನೆ.

ಹೇಳಿ, ಇಳಿದು, ಆ ಬಸ್ಸು ಹತ್ತುತ್ತೇನೆ. ಹನ್ನೆರಡರ ಒಳಗೆ ಲಿಂಗಸುಗೂರು. ನೀನು ಬರುವವರೆಗೆ ಆ ಶಾಲೆಯ ಗೇಟಿನ ಎದುರಿನ ಕಟ್ಟೆಯ ಮೇಲೆ ಕೂತಿರುತ್ತೇನೆ.

ನಿನ್ನ ಅಪ್ಪ,
ಕನಕರಾಯ